ಆಲ್ಟರ್ನೇಟರ್ ಜಾಮ್ ಆದ ದಿನ

ಕೂಸಪ್ಪ ಕೊಟ್ಟ ಮೊದಲ ಏಟಿಗೇ ನೀಲಾವತಿಯ ಎಡಗಿವಿಯ ತಮಟೆ ಒಡೆದುಹೋಗಿತ್ತು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮೀನು ಸಾರಿಗೆ ಉಪ್ಪು ಹೆಚ್ಚಾಯಿತೆಂದು ಊಟ ಬಿಟ್ಟೆದ್ದವನು ಎಂಜಲು ಕೈಯಲ್ಲೇ ಬಾರಿಸಿದ್ದ. ಕೆಲವು ದಿನ ಕಿವಿಯಿಂದ ಕೀವು ಸೋರಿತು, ಆಮೇಲೆ ವಾಸಿಯಾಯಿತು. ಶಬ್ದ ಮಾತ್ರ ತಿರುಗಿ ಬರಲಿಲ್ಲ. ಅಂದಿನಿಂದ ಅವಳೊಡನೆ ಮಾತಾಡುವವರು ಬಲಗಡೆ ನಿಲ್ಲಬೇಕು. ಸುಂಟಿಕೊಪ್ಪದಲ್ಲಿ ಅವಳ ಅಂಗಡಿಗೆ ಬರುವ ಡ್ರೈವರುಗಳಿಗೆಲ್ಲ ಇದು ಗೊತ್ತು, ಯಾಕೆಂದು ಗೊತ್ತಿರುವವರು ಕಡಿಮೆ.

ಕೂಸಪ್ಪ ಗಾಡಿಗಳ ಎಲೆಕ್ಟ್ರಿಕ್ ಕೆಲಸದವನು. ಮಡಿಕೇರಿ ರಸ್ತೆಗೆ ಮುಖ ಮಾಡಿದ ಅಂಗಡಿ, ಅದರ ಬೆನ್ನಿಗೆ ಮನೆ. ಎಸ್ಟೇಟ್ ಜೀಪುಗಳ ಸ್ಟಾರ್ಟರ್, ಡೈನಮೋ, ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರ್ ಏನೇ ಕೆಟ್ಟರೂ ಅವನ ಹತ್ತಿರವೇ ಬರುತ್ತಿತ್ತು. ಗಿರಾಕಿಗಳ ಎದುರು ಅವನದು ಬೆಣ್ಣೆಯಂಥ ಮಾತು. ಮನೆಯೊಳಗೆ ಕಾಲಿಟ್ಟರೆ ಕೈಗೆ ಸಿಕ್ಕಿದ್ದೇ ಆಯುಧ: ಸೌದೆ, ಸ್ಪ್ಯಾನರ್, ಹಳೇ ಫ್ಯಾನ್ ಬೆಲ್ಟ್. ಬೆಲ್ಟಿನ ಏಟು ಬಟ್ಟೆಯ ಮೇಲಿಂದಲೇ ಚರ್ಮ ಕೀಳುತ್ತದೆ. ಒಮ್ಮೆ ಬೆಸುಗೆ ಹಾಕುವ ಕಾದ ಕಡ್ಡಿಯನ್ನೇ ಅವಳ ಮುಂಗೈಗೆ ಒತ್ತಿ ಹಿಡಿದಿದ್ದ. ಅಷ್ಟು ಹೊತ್ತಿಗೆ ಅವಳಿಗೆ ಅಳು ನುಂಗುವುದು ರೂಢಿಯಾಗಿತ್ತು, ಯಾಕೆಂದರೆ ಪಕ್ಕದ ಕೋಣೆಯಲ್ಲಿ ಮಗಳು ಮೋನಿಷಾ ಶಾಲೆಯ ಪಾಠ ಓದುತ್ತಿದ್ದಳು. ಆ ಹುಡುಗಿ ಗಟ್ಟಿಯಾಗಿ ಓದುತ್ತಿದ್ದುದು ಪಾಠ ಬಾಯಿಗೆ ಬರಲೆಂದಲ್ಲ, ಆಚೆಯ ಸದ್ದು ಕೇಳದಿರಲೆಂದು. ಅದು ತಾಯಿಗೂ ಗೊತ್ತಿತ್ತು.

ಕೆಲಸವನ್ನು ಅವಳಿಗೆ ಯಾರೂ ಕೂರಿಸಿ ಕಲಿಸಲಿಲ್ಲ. ಸುಟ್ಟ ಕಾಯಿಲ್ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವುದು ತಾಳ್ಮೆಯ ಕೆಲಸ. ಕೂಸಪ್ಪನಿಗೆ ತಾಳ್ಮೆಯಿರಲಿಲ್ಲ, ತಂದು ಅವಳ ಮಡಿಲಿಗೆ ಹಾಕುತ್ತಿದ್ದ. ಸುತ್ತು ತಪ್ಪಿದರೆ ಏಟು. ತಪ್ಪದಂತೆ ಸುತ್ತುವುದನ್ನು ಅವಳು ಬೇಗ ಕಲಿತಳು.

ಮೋನಿಷಾ ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ಬೆಳಿಗ್ಗೆ, ತೋಟವೊಂದರಲ್ಲಿ ಕೆಟ್ಟು ನಿಂತ ಟ್ರ್ಯಾಕ್ಟರ್ ನೋಡಲು ಹೊರಟ ಕೂಸಪ್ಪನನ್ನು ಒಂಟಿ ಸಲಗ ಅಟ್ಟಿಸಿಕೊಂಡು ಬಂತು. ಬೈಕ್ ಬಿಟ್ಟು ಓಡಿದ. ಬೇಲಿಯ ತಂತಿಗೆ ಪ್ಯಾಂಟು ಸಿಕ್ಕಿಕೊಂಡಿತು. ಆನೆ ಅವನನ್ನು ಎಳೆದು, ಕಾಫಿ ಗಿಡಗಳ ನಡುವೆ ಕೆಡವಿ, ಎದೆಯ ಮೇಲೆ ಕಾಲಿಟ್ಟಿತು. ಸುದ್ದಿ ತಂದವರು ಹೇಗೆ ಹೇಳುವುದೆಂದು ತಡವರಿಸುತ್ತ ಅಂಗಡಿಯ ಮುಂದೆ ನಿಂತಾಗ ನೀಲಾವತಿ ಕೈಯಲ್ಲಿದ್ದ ಕಾಯಿಲ್ ಕೆಳಗಿಟ್ಟು ಕೇಳಿದ್ದು ಒಂದೇ ಮಾತು.

“ಪೂರಾ ಹೋದ್ರಾ?”

ಪೂರಾ ಹೋಗಿದ್ದ. ಅವಳು ಅತ್ತಳು ಕೂಡ. ಅಳು ಯಾರಿಗಾಗಿ ಬಂತೆಂದು ಅವಳಿಗೇ ತಿಳಿಯಲಿಲ್ಲ. ಸೂತಕ ಕಳೆದ ಮೇಲೆ ಅಂಗಡಿಯ ಬಾಗಿಲು ತೆಗೆದಳು. ಹೆಂಗಸು ಗಾಡಿ ಮುಟ್ಟುವುದೇ ಎಂದು ನಕ್ಕವರು ಕೆಲವರಿದ್ದರು, ಅವರೂ ಮಳೆಗಾಲದಲ್ಲಿ ಬ್ಯಾಟರಿ ಇಳಿದಾಗ ಬಂದರು.

ಕೂಸಪ್ಪ ಬಿಟ್ಟುಹೋದದ್ದರಲ್ಲಿ ಅವಳಿಗೆ ಇಷ್ಟವಾದದ್ದು ಒಂದೇ, ಹಾಲಿನ ಬಣ್ಣದ ಹಳೇ ಪೆಟ್ರೋಲ್ ಅಂಬಾಸಿಡರ್. ಯಾವುದೋ ತೋಟದ ಸಾಹುಕಾರರ ಗಾಡಿ, ಕೊಟ್ಟಿಗೆಯಲ್ಲಿ ಕೋಳಿ ಕೂರುವ ಸ್ಥಿತಿಗೆ ಬಂದಿತ್ತು. ಅವಳು ಅದರ ವೈರಿಂಗ್ ಪೂರ್ತಿ ಹೊಸದಾಗಿ ಎಳೆದಳು, ಡ್ರೈವಿಂಗ್ ಕಲಿತಳು. ಈಗಿನ ಕಾಲದಲ್ಲಿ ಅಂಥ ಗಾಡಿಗೆ ಬೇರೆಯೇ ಮರ್ಯಾದೆ. ಹೋಮ್‌ಸ್ಟೇಗಳಿಗೆ ಬರುವ ಮದುವೆ ಜೋಡಿಗಳು ಅದಕ್ಕೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ಹುಡುಗ ಹುಡುಗಿಯ ಸೊಂಟ ಬಳಸಿ ನಗುವಾಗ ನೀಲಾವತಿ ದೂರದಲ್ಲಿ ನಿಂತು ಆ ಹುಡುಗನ ಕೈಗಳನ್ನೇ ನೋಡುತ್ತಿದ್ದಳು. ಕೈ ನೋಡಿ ಮನುಷ್ಯನನ್ನು ಅಳೆಯಬಹುದೆಂದು ಅವಳು ನಂಬಿದ್ದಳು. ಮಿಲನನನ್ನು ಅಳಿಯನಾಗಿ ಒಪ್ಪಿಕೊಂಡದ್ದೂ ಹಾಗೆಯೇ. ಬಿಟ್ಟಂಗಾಲದ ಹತ್ತಿರದ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್, ತೆಳ್ಳನೆಯ ಬೆರಳುಗಳು, ಕಾಫಿ ಲೋಟವನ್ನು ಮೆಲ್ಲಗೆ ಕೆಳಗಿಡುವವನು.

ಆ ಬೆರಳುಗಳ ಗುರುತು ಮದುವೆಯಾದ ಮೊದಲ ಮಳೆಗಾಲದಲ್ಲೇ ಮೋನಿಷಾಳ ಕುತ್ತಿಗೆಯ ಮೇಲೆ ಕಾಣಿಸಿತು. ಎರಡು ಸಲ ಅವಳು ತವರಿಗೆ ಬಂದಳು. ಎರಡು ಸಲವೂ ಮಿಲನ್ ಹಿಂದೆಯೇ ಬಂದು ನೀಲಾವತಿಯ ಕಾಲು ಹಿಡಿದು ಅತ್ತ. ಎರಡು ಸಲವೂ ಅವಳು ಮಗಳನ್ನು ಕಳಿಸಿಕೊಟ್ಟಳು. ಕಾಲು ಹಿಡಿಯುವ ಗಂಡಸನ್ನು ಅವಳು ಅಲ್ಲಿಯವರೆಗೆ ನೋಡಿರಲಿಲ್ಲ. ಅಳುವವನು ಬದಲಾಗುತ್ತಾನೆ ಎಂದುಕೊಂಡಿದ್ದಳು.

ಕಳೆದ ವರ್ಷದ ಜನವರಿಯಲ್ಲಿ, ಕಾಫಿ ಪಿಕಿಂಗ್ ಜೋರಾಗಿದ್ದಾಗ, ಬೆಳಿಗ್ಗೆ ಫೋನ್ ಬಂತು. ಮಾತಾಡಿದವಳು ಯಮುನಾ, ರೈಟರ್ ಕ್ವಾರ್ಟರ್ಸಿನ ಹಿಂದೆ ಕೂಲಿಯವರಿರುವ ಲೈನ್ ಮನೆಯವಳು.

“ಅಕ್ಕ, ನೀವು ಈಗಲೇ ಬನ್ನಿ. ಮಗಳನ್ನ ಕರ್ಕೊಂಡು ಹೋಗಿ. ರೈಟರು ಪಿಕಿಂಗ್ ನೋಡೋಕೆ ಹೋಗಿದ್ದಾರೆ. ಅವರು ತಿರುಗಿ ಬಂದ್ರೆ ಇವಳು ಉಳಿಯಲ್ಲ.”

ನೀಲಾವತಿ ಅಂಗಡಿಗೆ ಬೀಗ ಹಾಕಿ ಅಂಬಾಸಿಡರ್ ತೆಗೆದಳು.

ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಮೋನಿಷಾ ಗೋಡೆಗೆ ಒರಗಿ ಕೂತಿದ್ದಳು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಮುಂದಿನ ಹಲ್ಲು ಮುರಿದು ತುಟಿಯೊಳಗೆ ನಾಟಿತ್ತು. ಬಲಗೈಯನ್ನು ಯಮುನಾಳ ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡಿದ್ದಳು. ಬಾಗಿಲ ಸಂದಿಗೆ ಬೆರಳಿಡಿಸಿ ಬಾಗಿಲು ಎಳೆದಿದ್ದನಂತೆ. ಕಾರಣ, ಅವಳು ಫೋನಿನಲ್ಲಿ ನಕ್ಕಿದ್ದಳು. ಯಾರೊಡನೆ ನಕ್ಕಳೆಂದು ಕೇಳಿದ್ದಕ್ಕೆ ಹಳೇ ಗೆಳತಿ ಎಂದಳು. ಅದನ್ನು ಅವನು ನಂಬಲಿಲ್ಲ.

ತಾಯಿ ಮಗಳನ್ನು ಎತ್ತಿ ನಿಲ್ಲಿಸಿದಳು. ಮನೆಯೊಳಗೆ ಅವರದು ಅರೆಭಾಷೆ, ಉಂಟು ಎನ್ನುವುದಕ್ಕೆ ಉಟ್ಟು, ಬೇಡ ಎನ್ನುವುದಕ್ಕೆ ಬೊಡ ಎನ್ನುವ ಕೊಡಗಿನ ಮಾತು. ಆದರೆ ಆ ಹೊತ್ತು ಯಾವ ಭಾಷೆಯೂ ಬರಲಿಲ್ಲ. ಒಂದು ಬ್ಯಾಗಿಗೆ ಕೈಗೆ ಸಿಕ್ಕ ಬಟ್ಟೆ ತುಂಬಿ, ಯಮುನಾಳ ಭುಜ ಮುಟ್ಟಿ, ಗಾಡಿ ಹತ್ತಿದರು.

ವಿರಾಜಪೇಟೆ ದಾಟಿ ಅಮ್ಮತ್ತಿ ಬಿಟ್ಟು ಸಿದ್ದಾಪುರದ ಕಡೆ ಹೋಗುವಾಗ ಮೋನಿಷಾ ಏನೋ ಹೇಳಿದಳು. ಅವಳು ಕೂತದ್ದು ಎಡಗಡೆಯ ಸೀಟಿನಲ್ಲಿ. ನೀಲಾವತಿಗೆ ಕೇಳಿಸಲಿಲ್ಲ. ಮಗಳು ಗಾಯವಿಲ್ಲದ ಕೈಯಿಂದ ಅವಳ ತೋಳು ಜಗ್ಗಿದಳು.

“ಅವ್ವ, ಎಂಥದೋ ಕೀರ್ ಅಂತ ಉಟ್ಟು. ನಿಂಗೆ ಕೇಳ್ತಿಲ್ಲೆನಾ? ಕೆಂಪು ಲೈಟೂ ಉಟ್ಟು ನೋಡು.”

ಚಾರ್ಜಿಂಗ್ ಲೈಟು ಉರಿಯುತ್ತಿತ್ತು. ಅಷ್ಟರಲ್ಲಿ ರಬ್ಬರ್ ಸುಟ್ಟ ವಾಸನೆ ಬಂತು, ಬಾನೆಟ್ಟಿನ ಅಂಚಿನಿಂದ ಹೊಗೆ. ನೀಲಾವತಿ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ಇಳಿಸಿ ಬಾನೆಟ್ ಎತ್ತಿದಳು. ಆಲ್ಟರ್ನೇಟರಿನ ಬೇರಿಂಗ್ ಪುಡಿಯಾಗಿ ಒಳಗೇ ಕಚ್ಚಿಕೊಂಡಿತ್ತು, ಬೆಲ್ಟು ಓಡುವ ಪುಲ್ಲಿ ಕೂದಲೆಳೆಯಷ್ಟೂ ತಿರುಗುತ್ತಿರಲಿಲ್ಲ. ಅದರ ಮೇಲೆ ಉಜ್ಜಿ ಉಜ್ಜಿ ಬೆಲ್ಟು ಅರ್ಧ ಸುಟ್ಟಿತ್ತು. ಬರೀ ಚಾರ್ಜ್ ಹೋಗಿದ್ದರೆ ಬ್ಯಾಟರಿಯ ಮೇಲೆ ಸುಂಟಿಕೊಪ್ಪ ಮುಟ್ಟಬಹುದಿತ್ತು. ಆದರೆ ಎಂಜಿನ್ನಿಗೆ ನೀರು ಹರಿಸುವ ಪಂಪೂ ಅದೇ ಬೆಲ್ಟಿನಿಂದ ತಿರುಗುವುದು. ಹಾಗೆಯೇ ಓಡಿಸಿದರೆ ಎಂಜಿನ್ ಕಾದು ಸೀಳುತ್ತದೆ. ಬದಲಿ ಬೆಲ್ಟು ಡಿಕ್ಕಿಯಲ್ಲಿತ್ತು. ಬದಲಿ ಆಲ್ಟರ್ನೇಟರ್ ಇರಲಿಲ್ಲ.

ಸಿದ್ದಾಪುರದಲ್ಲಿ ಹಳೇ ಗಾಡಿಗಳ ಸಾಮಾನು ಇಟ್ಟುಕೊಂಡಿರುವ ಧರ್ಮೇಶ್ ಪರಿಚಯದವನು. ಫೋನ್ ಮಾಡಿದಳು.

“ಅಂಬಾಸಿಡರಿಂದು ಒಂದು ಉಂಟು ನೀಲಕ್ಕ, ಹಳೇದು. ಬೇರಿಂಗ್ ಹೊಸದು ಹಾಕಿದ್ದೇನೆ. ನೀವು ಅದನ್ನ ಬಿಚ್ಚಿಡಿ, ನಾನೇ ಸ್ಕೂಟರಲ್ಲಿ ತರ್ತೇನೆ,” ಎಂದ.

ಅವಳು ಮೊದಲು ಬ್ಯಾಟರಿಯ ಟರ್ಮಿನಲ್ ತೆಗೆದಳು. ಆಲ್ಟರ್ನೇಟರಿನ ಬೆನ್ನಿಗಿದ್ದ ವೈರುಗಳನ್ನು ಬಿಡಿಸಿದಳು. ಬೆಲ್ಟ್ ಬಿಗಿ ಮಾಡುವ ಪಟ್ಟಿಯ ಬೋಲ್ಟು ಸುಲಭದಲ್ಲಿ ಬಂತು. ಕೆಳಗಿನ ಉದ್ದ ಬೋಲ್ಟು ತುಕ್ಕು ಹಿಡಿದು ಹಟ ಮಾಡಿತು. ಸ್ಪ್ಯಾನರಿಗೆ ಕಲ್ಲಿನಿಂದ ಗುದ್ದಿ ಗುದ್ದಿ ಸಡಿಲಿಸಿದಳು, ಗೆಣ್ಣು ತರಚಿ ರಕ್ತ ಬಂತು. ಬೇಲಿಯಾಚೆ ಪಿಕಿಂಗ್ ಹೆಂಗಸರು ಹಣ್ಣು ಬಿಡಿಸುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಕಡೆಗೆ ಅದು ಕಳಚಿ ಕೈಗೆ ಬಂತು. ಎಳೆಗೂಸಿನಷ್ಟು ತೂಕ, ಇನ್ನೂ ಕೈ ಸುಡುವಷ್ಟು ಬಿಸಿ. ಬಟ್ಟೆಯಲ್ಲಿ ಹಿಡಿದು ನೇರ ನಿಂತಾಗ ಮಿಲನನ ಎಸ್ಟೇಟಿನ ಜೀಪು ಅವರನ್ನು ಹುಡುಕಿಕೊಂಡು ತಿರುವಿನಲ್ಲಿ ಬಂದದ್ದು ಅವಳಿಗೆ ಕೇಳಿಸಲಿಲ್ಲ. ಬೇಲಿಯಾಚೆಯ ಹೆಂಗಸರ ಮುಖ ಬದಲಾದದ್ದು ನೋಡಿ ತಿರುಗಿದಳು.

ಮಿಲನ್ ಆಗಲೇ ಇಳಿದು ಅಂಬಾಸಿಡರಿನ ಎಡ ಬಾಗಿಲು ತೆಗೆದಿದ್ದ. ಮೋನಿಷಾಳ ಜಡೆ ಹಿಡಿದು ಎಳೆದ. ಅವಳು ಸೀಟಿಗೆ ಅಂಟಿಕೊಂಡಳು. ಸೀರೆಯ ತುಂಡು ಸುತ್ತಿದ್ದ ಅವಳ ಬೆರಳುಗಳ ಮೇಲೆಯೇ ಅವನು ಮುಷ್ಟಿಯಿಂದ ಹೊಡೆದ. ಅವಳ ಬಾಯಿಂದ ಬಂದ ಕೂಗಿಗೆ ಮರದ ಮೇಲಿದ್ದ ಹಕ್ಕಿಗಳೆಲ್ಲ ಎದ್ದವು. ರಸ್ತೆಗೆ ಬಿದ್ದವಳ ಪಕ್ಕೆಗೆ ಬೂಟುಗಾಲಿನಿಂದ ಒದ್ದ, ಮತ್ತೆ ಒದ್ದ.

“ಬುಡು ಅವಳ!” ನೀಲಾವತಿ ಅಡ್ಡ ಬಂದಳು.

“ಅತ್ತೆ, ನೀವು ಇದ್ರಲ್ಲಿ ಬರ್ಬೊಡಿ. ಇದು ಗಂಡ ಹೆಂಡ್ತಿ ವಿಷಯ.” ಅವನ ದನಿಯಲ್ಲಿ ಕೋಪವೇ ಇರಲಿಲ್ಲ. ತೋಟದ ಆಳಿಗೆ ಕೆಲಸ ಹೇಳುವವನ ದನಿ.

“ನನ್ನ ಗೂಡೆ ಅದ್, ನಾ ಹೆತ್ತ ಗೂಡೆ. ನಿನ್ನ ಜೊತೆಗೆ ಬಾದಿಲ್ಲೆ.”

ಮಗಳನ್ನು ಕೊಟ್ಟ ದಿನದಿಂದ ಅಳಿಯನಿಗೆ ನೀವು ಎನ್ನುತ್ತಿದ್ದವಳು ಮೊದಲ ಸಲ ನೀನು ಎಂದಿದ್ದಳು. ಅವನಿಗೆ ಅದು ತಾಗಿತು. ಎಡಗೈಯಿಂದ ಅವಳ ಕೆನ್ನೆಗೆ ಬಾರಿಸಿದ, ಕೇಳುವ ಕಿವಿಯ ಬದಿಗೆ. ಒಂದು ಕ್ಷಣ ಜಗತ್ತು ಪೂರ್ತಿ ಮೌನವಾಯಿತು. ಮಗಳು ಬಾಯಿ ತೆರೆದು ಕೂಗುತ್ತಿದ್ದಾಳೆ, ಕೂಗಿಲ್ಲ. ಅವನ ಬೂಟು ಏಳುತ್ತಿದೆ, ಸದ್ದಿಲ್ಲ.

ನೀಲಾವತಿಯ ಕೈಯಲ್ಲಿ ಆಲ್ಟರ್ನೇಟರ್ ಇತ್ತು. ಎರಡೂ ಕೈಯಲ್ಲಿ ಎತ್ತಿ ಬೀಸಿದಳು. ಪುಲ್ಲಿಯ ಅಂಚು ಅವನ ದವಡೆಗೆ ಬಡಿಯಿತು. ಮೂಳೆ ಮುರಿದದ್ದು ಅವಳಿಗೆ ಕೈಯಲ್ಲಿ ಗೊತ್ತಾಯಿತು. ಅವನು ಮೊಣಕಾಲೂರಿ ಕುಸಿದು, ಬಾಯಿಗೆ ಕೈ ಹಿಡಿದುಕೊಂಡ. ಬೆರಳುಗಳ ಸಂದಿಯಿಂದ ರಕ್ತ ಸುರಿಯಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಅವನು ಏಳುವ ಸ್ಥಿತಿಯಲ್ಲಿರಲಿಲ್ಲ. ಆದರೆ ಅವಳು ಮತ್ತೆ ಎತ್ತಿದಳು, ಭುಜಕ್ಕೆ ಹಾಕಿದಳು. ಅವನು ಮಗುಚಿ ಬಿದ್ದ. ಮತ್ತೆ ಎತ್ತಿ ಮೊಣಕಾಲಿಗೆ ಹಾಕಿದಳು. ಮೈಯೆಲ್ಲ ಹಗುರಾಗುತ್ತ ಬಂತು. ಎಷ್ಟೋ ವರ್ಷದಿಂದ ಬಿಗಿದಿದ್ದ ಯಾವುದೋ ಬೋಲ್ಟು ಏಟಿಗೊಂದು ಸುತ್ತು ಸಡಿಲವಾದಂತೆ. ಸುಖ ಎಂದರೆ ಇದೇ ಏನೋ ಎನಿಸಿತು. ಈಗ ತಲೆಗೆ ಎಂದು ಎತ್ತಿದಾಗ ಮೋನಿಷಾ ತೆವಳಿಕೊಂಡು ಬಂದು ಗಂಡನ ತಲೆಯ ಮೇಲೆ ಬೋರಲು ಬಿದ್ದಳು.

ನೀಲಾವತಿಯ ಕಿವಿಗೆ ಗುಂಯ್ ಎಂಬ ಸದ್ದಿನ ಆಚೆಯಿಂದ ಮೆಲ್ಲಗೆ ಮಾತು ಬಂತು.

“ಬೊಡ ಅವ್ವ, ಬೊಡ! ಸತ್ತೋಗ್ತಾನೆ! ಅವ್ವಾ, ನಿನ್ನ ಮುಖ ನೋಡಿಕೆ ಆಗ್ತಿಲ್ಲೆ!”

ಅವಳು ಕೈ ಇಳಿಸಿದಳು. ಮಗಳು ನೋಡುತ್ತಿದ್ದುದು ಮಿಲನನನ್ನು ಅಲ್ಲ. ಒಂದೇ ಕಣ್ಣಿನಿಂದ, ತಾಯಿಯನ್ನು. ಆ ನೋಟ ನೀಲಾವತಿಗೆ ಪರಿಚಯದ್ದು. ಕೂಸಪ್ಪ ಬಾಗಿಲಲ್ಲಿ ಕಾಣಿಸಿಕೊಂಡಾಗಲೆಲ್ಲ ಹುಡುಗಿ ಹೀಗೆಯೇ ನೋಡುತ್ತಿದ್ದಳು.

ಧರ್ಮೇಶ್ ಸ್ಕೂಟರಿನಲ್ಲಿ ಬಂದು ಇಳಿದಾಗ ಬೇಲಿ ದಾಟಿ ಬಂದ ಹೆಂಗಸರು ಮಿಲನನ ಬಾಯಿಗೆ ಬಟ್ಟೆ ಒತ್ತಿ ಹಿಡಿದಿದ್ದರು. ಧರ್ಮೇಶ್ ಒಂದು ಸಲ ಅಲ್ಲಿದ್ದವರನ್ನೆಲ್ಲ ನೋಡಿದ.

“ನೀಲಕ್ಕ, ಯಾರು ಮಾಡಿದ್ದು ಇದು?”

“ನಾನೇ.”

“ಉಸಿರು ಉಂಟಲ್ಲ?”

“ಉಂಟು. ನೀನು ಇವನನ್ನ ಜೀಪಲ್ಲಿ ಆಸ್ಪತ್ರೆಗೆ ಕೊಂಡೋಗು. ನಾನು ಗಾಡಿ ಸರಿ ಮಾಡಿ ಸ್ಟೇಷನ್ನಿಗೆ ಹೋಗ್ತೇನೆ.”

“ಸ್ಟೇಷನ್ನಿಗಾ? ಮೊದಲು ಮನೆಗೆ ಹೋಗಿ, ಆಮೇಲೆ ಯಾರಾದರೂ ದೊಡ್ಡವರ ಹತ್ತಿರ ಮಾತಾಡಿ…”

“ನೀ ಹೋಗು ಧರ್ಮೇಶ. ರಕ್ತ ಹೋಗ್ತಾ ಉಂಟು.”

ಜೀಪು ಹೋಯಿತು. ಪಿಕಿಂಗ್ ಹೆಂಗಸರಲ್ಲಿ ಒಬ್ಬಳು ಬಾಟಲಿಯ ನೀರನ್ನು ನೀಲಾವತಿಯ ಕೈಗೆ ಹೊಯ್ದಳು. ರಕ್ತದಲ್ಲಿ ಅವಳದೆಷ್ಟು, ಅವನದೆಷ್ಟು ಗೊತ್ತಾಗಲಿಲ್ಲ. ಒರೆಸಿಕೊಂಡು ಧರ್ಮೇಶ್ ತಂದ ಆಲ್ಟರ್ನೇಟರ್ ಎತ್ತಿದಳು. ಮೊದಲ ಸಲ ಬೋಲ್ಟು ತೂತಿಗೆ ಹೋಗಲಿಲ್ಲ, ಎರಡನೆಯ ಸಲವೂ ಇಲ್ಲ. ರೇಡಿಯೇಟರಿಗೆ ಹಣೆ ಹಚ್ಚಿ ಸ್ವಲ್ಪ ಹೊತ್ತು ನಿಂತಳು. ಮತ್ತೆ ಹಿಡಿದಳು, ಹೋಯಿತು. ಪುಲ್ಲಿ ಒಂದು ಎಳೆ ಹಿಂದಿತ್ತು. ಹಾಗೇ ಬಿಟ್ಟರೆ ಬೆಲ್ಟು ಓರೆಯಾಗಿ ಓಡಿ ಹರಿಯುತ್ತದೆ. ಎರಡು ವಾಷರ್ ಕೊಟ್ಟು ಸಾಲಿಗೆ ತಂದಳು. ಹೊಸ ಬೆಲ್ಟು ಏರಿಸಿ, ಜಾಕಿನ ಸಲಾಕೆಯಿಂದ ಆಲ್ಟರ್ನೇಟರನ್ನು ಹೊರಕ್ಕೆ ಮೀಟಿ ಹಿಡಿದಳು. ಇನ್ನೊಂದು ಕೈಯಲ್ಲಿ ಬೋಲ್ಟು ಬಿಗಿಯಬೇಕು, ಅಲ್ಲಿ ಮೂರನೆಯ ಕೈ ಬೇಕಾಗುತ್ತದೆ.

“ಮೋನಿ, ಇದನ್ನ ಸ್ವಲ್ಪ ಹಿಡಿ ಮಗ.”

ಮೋನಿಷಾ ಬಂದಳು. ಎಡಗೈಯಲ್ಲಿ ಸಲಾಕೆ ಹಿಡಿದಳು. ತಾಯಿ ಸ್ಪ್ಯಾನರ್ ತೆಗೆದುಕೊಳ್ಳಲು ಕೈ ಎತ್ತಿದ್ದೇ ತಡ, ಹುಡುಗಿ ತಲೆ ತಗ್ಗಿಸಿ ಮುದುಡಿಕೊಂಡಳು. ಸಲಾಕೆ ಜಾರಿ ಬೆಲ್ಟು ಸಡಿಲಾಯಿತು. ಸಲಾಕೆಯನ್ನು ಮತ್ತೆ ಹಾಕಿ, ಈ ಸಲ ಕೈಯನ್ನು ಕೆಳಗಿನಿಂದಲೇ ತಂದು, ಬೋಲ್ಟು ಬಿಗಿದಳು ನೀಲಾವತಿ. ಹೆಬ್ಬೆರಳಿನಿಂದ ಬೆಲ್ಟು ಒತ್ತಿ ನೋಡಿ, ವೈರುಗಳನ್ನು ಸೇರಿಸಿ, ಬ್ಯಾಟರಿಯ ಟರ್ಮಿನಲ್ ಕೂರಿಸಿ ಸ್ಟಾರ್ಟ್ ಮಾಡಿದಳು. ಆಕ್ಸಿಲರೇಟರ್ ಒತ್ತಿದಾಗ ಕೆಂಪು ಲೈಟು ಆರಿತು.

ಕೆಟ್ಟ ಆಲ್ಟರ್ನೇಟರನ್ನು ಬಟ್ಟೆಯಲ್ಲಿ ಸುತ್ತಿ, ಪೊಲೀಸ್ ಸ್ಟೇಷನ್ನಿನ ಮೇಜಿನ ಮೇಲೆ ಇಟ್ಟು, “ಇದರಲ್ಲೇ ಹೊಡೆದದ್ದು,” ಎಂದಳು.

ಕೇಸುಗಳು ಎರಡಾದವು. ಹೆಂಡತಿಗೆ ಹೊಡೆದದ್ದಕ್ಕೆ ಮಿಲನನ ಮೇಲೆ, ಅಳಿಯನನ್ನು ಹೊಡೆದು ಕೆಡವಿದ್ದಕ್ಕೆ ನೀಲಾವತಿಯ ಮೇಲೆ. ಜಾಮೀನು ಸಿಗುವವರೆಗೆ ಅವಳು ಜೈಲಿನಲ್ಲಿದ್ದಳು. ಅಲ್ಲಿ ನಿದ್ದೆ ಚೆನ್ನಾಗಿ ಬಂತು, ಅದಕ್ಕೇ ಅವಳಿಗೆ ಹೆದರಿಕೆಯಾಯಿತು. ಮಿಲನನ ದವಡೆಗೆ ತಂತಿ ಹಾಕಿ ಕೂಡಿಸಿದರು. ಈಗಲೂ ಬಾಯಿ ಓರೆ, ನಡೆಯುವಾಗ ಬಲಗಾಲು ಎಳೆಯುತ್ತಾನೆ. ರೈಟರ್ ಕೆಲಸ ಹೋಯಿತು. ವಿಚ್ಛೇದನದ ಕಾಗದಕ್ಕೆ ತಕರಾರಿಲ್ಲದೆ ಸಹಿ ಹಾಕಿದ.

ವಕೀಲರು ನೀಲಾವತಿಗೆ ಬುದ್ಧಿ ಹೇಳಿದರು. “ಮಗಳನ್ನ ಬಿಡಿಸೋಕೆ ಹೋಗಿ ಒಂದೇ ಏಟು ಬಿತ್ತು, ಬಾಕಿ ಗಾಯ ಅವನು ಬಿದ್ದದ್ದರಿಂದ ಆಯ್ತು ಅಂತ ಹೇಳಮ್ಮ. ನೋಡಿದ ಹೆಂಗಸರೂ ಹಾಗೇ ಹೇಳ್ತಾರೆ. ಕೇಸು ನಿಲ್ಲಲ್ಲ.”

“ಮೊದಲನೇದು ಮಗಳನ್ನ ಬಿಡಿಸೋಕೆ, ಸರ್. ಆಮೇಲಿಂದು ಅದಕ್ಕಲ್ಲ. ಅಷ್ಟು ನಂಗೆ ಗೊತ್ತುಂಟು.”

“ಅದನ್ನ ಯಾರು ಕೇಳಿದ್ರು ನಿನ್ನ?”

“ಯಾರೂ ಕೇಳಿಲ್ಲ,” ಎಂದಳು. ಕೋರ್ಟಿನಲ್ಲಿ ಏನು ಹೇಳುತ್ತೇನೆಂದು ಮಾತ್ರ ಹೇಳಲಿಲ್ಲ. ಕೇಸು ಇನ್ನೂ ನಡೆಯುತ್ತಿದೆ.

ಊರಿನಲ್ಲಿ ಅವಳ ಬೆಲೆ ಏರಿತು. ಗಿರಾಕಿಗಳು ಮೊದಲಿಗಿಂತ ವಿನಯವಾಗಿ ಮಾತಾಡುತ್ತಾರೆ. ಅಂಗಡಿಗೆ ಬಂದ ಹೆಂಗಸರು ಕೈ ಹಿಡಿದು, ಒಳ್ಳೇ ಕೆಲಸ ಮಾಡಿದ್ರಿ ನೀಲಕ್ಕ ಎನ್ನುತ್ತಾರೆ. ಅವಳು ಕೈ ಬಿಡಿಸಿಕೊಳ್ಳುತ್ತಾಳೆ. ಹೊಗಳಿದವರಿಗೆ ಗೊತ್ತಿಲ್ಲದ್ದು ಅವಳ ಮನೆಯೊಳಗಿದೆ. ಮೋನಿಷಾ ತಾಯಿಯ ಜೊತೆಗೇ ಇದ್ದಾಳೆ. ಮುರಿದ ಬೆರಳುಗಳು ಕೂಡಿವೆ, ಹಲ್ಲು ಕಟ್ಟಿಸಿದ್ದಾಯಿತು, ಕುಶಾಲನಗರದ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಆದರೆ ತಾಯಿ ಅಟ್ಟದ ಡಬ್ಬಿಗೆ ಕೈ ಎತ್ತಿದರೆ ಈಗಲೂ ಅವಳ ಭುಜ ಕುಗ್ಗುತ್ತದೆ.

ಈ ವರ್ಷದ ಯುಗಾದಿ ಕಳೆದ ಮೇಲೆ ಒಂದು ಭಾನುವಾರ, ಇಬ್ಬರೂ ಅಂಗಳದಲ್ಲಿ ಹಲಸಿನಕಾಯಿ ಹೆಚ್ಚುತ್ತ ಕೂತಿದ್ದಾಗ ನೀಲಾವತಿ ಕತ್ತಿ ಕೆಳಗಿಟ್ಟಳು.

“ಮೋನಿ, ನಿಂಗೆ ನನ್ನ ಕಂಡ್ರೆ ಹೆದರಿಕೆ ಉಟ್ಟಾ?”

ಮಗಳು ಕೈಗೆ ಅಂಟಿದ ಮೇಣವನ್ನು ಎಣ್ಣೆಯಿಂದ ತಿಕ್ಕಿ ತೆಗೆದಳು.

“ಉಟ್ಟವ್ವ,” ಎಂದಳು. “ನೀ ಹೊಡೆದದ್ದಕ್ಕಲ್ಲ. ಹೊಡೆವಾಗ ನೀ ನಗಾಡ್ತಿದ್ದೆ.”

ನೀಲಾವತಿಗೆ ಅದು ಗೊತ್ತೇ ಇರಲಿಲ್ಲ. ಏನು ಹೇಳಿದರೂ ಸುಳ್ಳಾಗುತ್ತದೆ ಅನ್ನಿಸಿತು. ಮೋನಿಷಾ ಎದ್ದು, ಹೆಚ್ಚಿದ ತುಂಡುಗಳನ್ನು ಪಾತ್ರೆಗೆ ತುಂಬಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಎರಡು ಲೋಟ ಕಾಫಿ ಹಿಡಿದು ಹೊರಗೆ ಬಂದವಳು ಮೊದಲು ಎದುರಿನ ಕಲ್ಲಿನ ಕಡೆ ನಡೆದಳು. ಆಮೇಲೆ ಏನೋ ಯೋಚಿಸಿ, ಸುತ್ತಿ ಬಂದು, ತಾಯಿಯ ಬಲಗಡೆ ಕೂತಳು.